ಅಮೆರಿಕಾ ಹತ್ತಿರ, ಬೆಂಗಳೂರು ದೂರ

ಜಮಖಂಡಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದ ದಾರಿ ಎಷ್ಟಾಗುತ್ತದೆ ಎಂದು ಫೋನಿಗೆ ಕೇಳಿ ನೋಡಿ. ಕೇಳಿ ಮುಗಿಯುವುದರೊಳಗೆ ಉತ್ತರ ಬಂದಿರುತ್ತದೆ: ಸುಮಾರು 13,700 ಕಿಲೋಮೀಟರ್, ಹದಿನಾರು ತಾಸು. ಜಮಖಂಡಿಯಲ್ಲಿ ವಿಮಾನ ಹತ್ತುವುದಾದರೂ ಎಲ್ಲಿ ಎಂಬ ಸಣ್ಣ ಸಂಶಯವೂ ಅದಕ್ಕೆ ಬರುವುದಿಲ್ಲ. ಈ ತುದಿಯ ಅಕ್ಷಾಂಶ ರೇಖಾಂಶ ಸಿಕ್ಕಿತು, ಆ ತುದಿಯದೂ ಸಿಕ್ಕಿತು; ನಡುವೆ ಒಂದು ಗೆರೆ ಎಳೆದು, ತಾಸಿಗೆ ಎಂಟುನೂರೈವತ್ತರಂತೆ ಭಾಗಿಸಿ ಕೈ ತೊಳೆದುಕೊಂಡಿತು. ರಾಮತೀರ್ಥದ ಗುಡ್ಡದ ಮೇಲೆ ವಿಮಾನ ಏಣಿ ಹಚ್ಚಿಕೊಂಡು ನಿಂತಿರುತ್ತದೆ, ನಾವು ಚಹಾ ಕುಡಿದು ಹತ್ತಿದರಾಯಿತು ಎಂದು ಅದರ ಭಾವನೆ ಇದ್ದೀತು.

ನಮ್ಮ ಓಣಿಯಲ್ಲಿ ಈ ಅಂಕಿ ಓಡಾಡಲು ಕಾರಣ ಎದುರುಮನೆಯ ಕಾಕಾ. ಮಗಳು, ಅಳಿಯ, ಮೊಮ್ಮಗಳು ಆ ಕಡೆ ಇದ್ದಾರೆ. ಅವರನ್ನು ನೋಡಲು ಕಾಕಾ ಮತ್ತು ಅವರ ಹೆಂಡತಿ, ನಮ್ಮ ಕಾಕು, ಹೊರಡುವವರಿದ್ದರು. ಕಾಕಾ ಮಹಾಲಿಂಗಪುರದ ಬೆಲ್ಲದ ಪೇಟೆಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದು ಬರೆದು ನಿವೃತ್ತರಾದವರು. ಯಾವ ಅಂಕಿಯನ್ನೂ ಒಂದೇ ಸಲಕ್ಕೆ ಒಪ್ಪುವವರಲ್ಲ. ಇನ್ನೊಂದು ಅಂಕಿಯ ಜೊತೆ ತಾಳೆ ನೋಡದಿದ್ದರೆ ಅವರಿಗೆ ರಾತ್ರಿ ನಿದ್ದೆ ಇಲ್ಲ. ಅದೇ ಚಟದಿಂದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಅಂತರವನ್ನೂ ಕೇಳಿದರು. ಅದು 13,990ರ ಆಸುಪಾಸು. ಕನ್ನಡಕವನ್ನು ಹಣೆಗೇರಿಸಿ ಕಳೆಯುವ ಲೆಕ್ಕ ಮಾಡಿದರು, ಮತ್ತೊಮ್ಮೆ ಮಾಡಿದರು, ಆಮೇಲೆ ನನ್ನನ್ನು ಕರೆದರು.

"ಅಲ್ರೀ, ಅಮೆರಿಕಾಕ್ಕ ಬೆಂಗಳೂರಕಿಂತಾ ನಾವ ಸಮೀಪ ಅದೀವಿ. ಬರೋಬ್ಬರಿ ಎರಡನೂರಾ ತೊಂಬತ್ತ ಕಿಲೋಮೀಟರ್! ಮತ್ತ ರಾತ್ರಿಯೆಲ್ಲಾ ಬಸ್ಸಿನ್ಯಾಗ ಉಲ್ಟಾ ದಿಕ್ಕಿಗೆ ಹೋಗಿ ವಿಮಾನ ಹತ್ತೂದು ಯಾಕ?"

ಲೆಕ್ಕದಲ್ಲಿ ತಪ್ಪಿರಲಿಲ್ಲ. ಬೆಂಗಳೂರು ನಮಗೆ ಆಗ್ನೇಯಕ್ಕೆ, ಗೆರೆ ಎಳೆದರೆ ನಾಲ್ಕುನೂರಾ ಅರವತ್ತು ಕಿಲೋಮೀಟರ್ ಚಿಲ್ಲರೆ, ರಸ್ತೆಯಲ್ಲಿ ಐನೂರರ ಮೇಲೆ. ಅಷ್ಟು ದಕ್ಷಿಣಕ್ಕಿಳಿದು ಹತ್ತಿದ ವಿಮಾನ ಅಮೆರಿಕಾದ ದಾರಿ ಹಿಡಿಯಲು ಮತ್ತೆ ಉತ್ತರಕ್ಕೇ ಏರಬೇಕು. ರೊಕ್ಕ ಕೊಟ್ಟು ಹಿಂದೆ ಹೋಗಿ, ಇನ್ನಷ್ಟು ರೊಕ್ಕ ಕೊಟ್ಟು ಅದೇ ಅಕ್ಷಾಂಶಕ್ಕೆ ಮರಳಿ ಬರುವ ವ್ಯವಹಾರ. ಅಡತಿ ಅಂಗಡಿಯಲ್ಲಿ ಇಂಥ ವ್ಯವಹಾರ ಬರೆದಿದ್ದರೆ ಸಾಹುಕಾರ ಕಾಕಾನನ್ನು ಆ ದಿನವೇ ಮನೆಗೆ ಕಳಿಸುತ್ತಿದ್ದ.

ಅಮೆರಿಕಾ ಪಶ್ಚಿಮಕ್ಕಿರುವ ದೇಶ, ಉತ್ತರಕ್ಕೆ ಯಾಕೆ ಹೋಗುತ್ತಾರೆ ಎಂಬುದು ಕಾಕಾನ ಎರಡನೆಯ ತಕರಾರು. ಇದಕ್ಕೆ ನನ್ನ ಬಳಿ ಶಾಲೆಯಲ್ಲಿ ಕಲಿತ ಉತ್ತರವಿತ್ತು, ಆದರೆ ಅದು ಕಣ್ಣಿಗೆ ಕಂಡದ್ದು ಬನಹಟ್ಟಿಯಲ್ಲಿ.

ಬನಹಟ್ಟಿಯಲ್ಲಿ ನಮ್ಮ ಅಕ್ಕನ ಮನೆ. ಅವಳ ಮಾವನವರದು ನೇಕಾರಿಕೆ, ಪಡಸಾಲೆಯ ಹಿಂದೆಯೇ ಪವರ್‌ಲೂಮ್. ರಬಕವಿ-ಬನಹಟ್ಟಿಯ ಓಣಿಗಳನ್ನು ಬಲ್ಲವರಿಗೆ ಗೊತ್ತು: ಅಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಮಗ್ಗದ ಸಪ್ಪಳವನ್ನು ಮೀರಿ ಕೇಳಬೇಕಾದ್ದರಿಂದ ಗುಟ್ಟಿನ ಮಾತನ್ನೂ ಕೂಗಿಯೇ ಹೇಳುತ್ತಾರೆ. ಕರೆಂಟ್ ಹೋದ ಕೂಡಲೇ ಇಡೀ ಓಣಿ ಸ್ತಬ್ಧವಾಗಿ, ಅರ್ಧ ವಾಕ್ಯದಲ್ಲಿದ್ದವರ ದನಿ ಮಾತ್ರ ಬಯಲಿಗೆ ಬೀಳುತ್ತದೆ. ಸೊಸೆಯ ಬಗ್ಗೆ ಅತ್ತೆ ಏನು ಹೇಳುತ್ತಿದ್ದಳು ಎಂದು ಮೂರು ಮನೆಗೆ ತಿಳಿಯುವುದು ಹೀಗೆ. ಅಂಥದೇ ಒಂದು ಕರೆಂಟ್ ಹೋದ ಹೊತ್ತಿನಲ್ಲಿ ಮೊಮ್ಮಗ ತನ್ನ ಪ್ಲಾಸ್ಟಿಕ್ ಭೂಗೋಳ ತಂದು ಅಜ್ಜನ ಮುಂದಿಟ್ಟ. ನಾನು ಕಾಕಾನ ತಕರಾರನ್ನು ಹೇಳಿದೆ.

ಮಾವ ಕಂಡಿಕೆಯಿಂದ ಒಂದು ಮೊಳ ನೂಲು ಬಿಚ್ಚಿದರು. ಒಂದು ತುದಿಯನ್ನು ಬನಹಟ್ಟಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಆ ಹೆಬ್ಬೆರಳಿನ ಕೆಳಗೆ ಕರ್ನಾಟಕ ಪೂರ್ತಿ, ಮಹಾರಾಷ್ಟ್ರದ ಅರ್ಧ, ಆಂಧ್ರದ ಒಂದಿಷ್ಟು ಮುಚ್ಚಿಹೋದವು. ಇನ್ನೊಂದು ತುದಿಯನ್ನು ಯುರೋಪು, ಅಟ್ಲಾಂಟಿಕ್ ಹಾಯಿಸಿ, ಗೋಡೆಯ ನಕಾಶೆಯಲ್ಲಿ ಕಾಣುವ ದಾರಿಯಲ್ಲೇ ಕ್ಯಾಲಿಫೋರ್ನಿಯಾದ ಮೇಲೆ ಇಟ್ಟರು. ಆಮೇಲೆ ಜಗ್ಗಿದರು. ನೂಲು ಸಡಿಲಾಗಿ, ಮೇಲಕ್ಕೆ ಜಾರಿ, ಯುರೋಪನ್ನು ಬಿಟ್ಟು, ಧ್ರುವದ ಆಚೆ ಬದಿಗೆ ಬಂದು ಕೂತಿತು. ಉತ್ತರಾಖಂಡ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ಆರ್ಕ್‌ಟಿಕ್ ಸಮುದ್ರ, ಅಲಾಸ್ಕಾ, ಅಲ್ಲಿಂದ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋ. ಉಳಿದ ನೂಲು ನಾಲ್ಕು ಬೆರಳಿನಷ್ಟು ಕೈಯಲ್ಲೇ ಮಿಕ್ಕಿತ್ತು.

"ನಾ ಏನೂ ಮಾಡಿಲ್ಲ ನೋಡ್ರಿ. ನೂಲ ತಾನ ಸರದೈತಿ," ಎಂದರು ಮಾವ. "ಗುಂಡನ್ ವಸ್ತುವಿನ ಮ್ಯಾಲೆ ಬಿಗಿದ ನೂಲ ಸುಳ್ಳ ಹೇಳಂಗಿಲ್ಲ. ಗ್ವಾಡಿ ಮ್ಯಾಲಿನ ನಕಾಶಿ ಹೇಳತೈತಿ."

ಇದಕ್ಕೆ ಪುಸ್ತಕದಲ್ಲಿ ಮಹಾವೃತ್ತ ಎನ್ನುತ್ತಾರೆ. ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಚಿಕ್ಕ ದಾರಿ ಅದೇ. ಉಂಡೆಯಾದ ಭೂಮಿಯನ್ನು ಗೋಡೆಗೆ ತೂಗುಹಾಕುವಂತೆ ಚಪ್ಪಟೆ ಮಾಡಿದಾಗ ಧ್ರುವದ ಕಡೆಯ ನೆಲವೆಲ್ಲ ಹಿಗ್ಗಿ, ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ಹತ್ತಿರದ ದಾರಿ ಸುತ್ತಿನ ದಾರಿಯಾಗಿ ತೋರುತ್ತದೆ. ನಾವೆಲ್ಲ ಆ ನಕಾಶೆ ನೋಡಿ ಪಾಸಾದವರು.

ಹಾಗೆಂದು ವಿಮಾನಗಳು ಮಾವನ ನೂಲಿನ ಮೇಲೆಯೇ ಹೋಗುತ್ತವೆ ಎಂದು ತಿಳಿಯಬಾರದು. ವಿಮಾನದೊಳಗಿನ ಗಾಳಿಯ ಒತ್ತಡ ಎಲ್ಲಿಯಾದರೂ ಕುಸಿದರೆ ಪೈಲಟ್ ಕೂಡಲೇ ಹತ್ತು ಸಾವಿರ ಅಡಿಯ ಹತ್ತಿರಕ್ಕೆ ಇಳಿಯಬೇಕು, ಅಲ್ಲಿಯಾದರೆ ಮುಖವಾಡವಿಲ್ಲದೆ ಉಸಿರಾಡಬಹುದು. ಟಿಬೆಟ್‌ನಲ್ಲಿ ಇಳಿಯುವುದೆಲ್ಲಿಗೆ? ಅಲ್ಲಿಯ ನೆಲವೇ ಸರಾಸರಿ ಹದಿನಾಲ್ಕು ಸಾವಿರ ಅಡಿಗೂ ಮೇಲಿದೆ. ಹಾಗಾಗಿ ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿಯೇ ಹೋಗುತ್ತಾರೆ. ಸೈಬೀರಿಯಾದ ಮೇಲೆ ಹಾಯಲು ರಷ್ಯಾದ ಅನುಮತಿ ಬೇಕು, ಕೆಳಗೆ ತುರ್ತಿಗೆ ಇಳಿಯಲು ಒಂದು ನಿಲ್ದಾಣ ಬೇಕು. 2023ರ ಜೂನ್‌ನಲ್ಲಿ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನವೊಂದು ಇಂಜಿನ್ ತೊಂದರೆಯಿಂದ ರಷ್ಯಾದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು ಬೇರೆ ವಿಮಾನ ಬರುವ ತನಕ ಭಾಷೆ ತಿಳಿಯದ ಊರಿನಲ್ಲಿ ಕಾದರು. ಈ ಸುದ್ದಿ ಕೇಳಿ ನಮ್ಮ ಕಾಕು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೆ ರೊಟ್ಟಿ ಸಿಗತಾವೇನ್ರಿ?" ಸಿಗುವುದಿಲ್ಲ ಎಂದ ಮೇಲೆ ಕೈಚೀಲದಲ್ಲಿ ಖಡಕ್ ರೊಟ್ಟಿಯ ಕಟ್ಟು ಒಂದರಿಂದ ಎರಡಕ್ಕೆ ಏರಿತು.

ಇನ್ನು ಗಾಳಿ. ಹತ್ತು-ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಶಾಂತಸಾಗರದ ಮೇಲೆ ಅದರ ವೇಗ ತಾಸಿಗೆ ಇನ್ನೂರು ಕಿಲೋಮೀಟರ್ ದಾಟುವುದುಂಟು. ಪೂರ್ವಕ್ಕೆ ಹೋಗುವ ವಿಮಾನ ಅದನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತದೆ, ಸ್ವಲ್ಪ ಸುತ್ತಾದರೂ ಬೇಗ ಮುಟ್ಟುತ್ತದೆ. ಮರಳುವಾಗ ಅದೇ ಗಾಳಿ ಎದುರಾಗುತ್ತದೆ, ತಪ್ಪಿಸಿಕೊಳ್ಳಲು ಧ್ರುವದ ಕಡೆ ಸರಿಯಬೇಕು. ಹೋಗುವುದಕ್ಕೆ ಹದಿನಾರು ತಾಸು ಹಿಡಿದರೆ ಬರುವುದಕ್ಕೆ ಹದಿನೇಳು, ಮೇಲೊಂದಿಷ್ಟು. ಮಾವನಿಗೆ ಇದು ಸರಿ ಕಾಣಲಿಲ್ಲ. ಅವರ ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಒಂದೇ ಹದದಲ್ಲಿ ಓಡಬೇಕು, ಹೆಚ್ಚುಕಡಿಮೆಯಾದರೆ ಸೀರೆ ಕೆಡುತ್ತದೆ. "ಹೋಗೂದ ಒಂದ್ ನಮೂನಿ, ಬರೂದ ಒಂದ್ ನಮೂನಿ ಆದ್ರ ಅದು ಎಂಥಾ ಲಾಳಿ?" ಎಂದರು. ಅಷ್ಟರಲ್ಲಿ ಕರೆಂಟ್ ಬಂತು. ಮುಂದೆ ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಎಲ್ಲಿಯೂ ಇಳಿಯದ ವಿಮಾನ ಶುರುವಾದದ್ದು 2021ರ ಜನವರಿಯಲ್ಲಿ. ಮೊದಲ ವಿಮಾನವನ್ನು ಆ ಕಡೆಯಿಂದ ಈ ಕಡೆಗೆ ತಂದವರು ನಾಲ್ವರು ಮಹಿಳಾ ಪೈಲಟ್‌ಗಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಉತ್ತರ ಧ್ರುವದ ಮೇಲೆ ಹಾಯ್ದು, ಸುಮಾರು 16,000 ಕಿಲೋಮೀಟರ್ ಹಾರಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿದರು. ಗಮನಿಸಿ, ಫೋನು ಹೇಳುವ ದೂರಕ್ಕಿಂತ ಎರಡು ಸಾವಿರ ಹೆಚ್ಚು. ಹತ್ತಿದ್ದು ಜನವರಿ 9ರ ಶನಿವಾರ ರಾತ್ರಿ, ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ನಡುವಿನ ರವಿವಾರ ಎಲ್ಲಿ ಹೋಯಿತು ಎಂದು ಕೇಳಿದರೆ ಅಂತರರಾಷ್ಟ್ರೀಯ ದಿನರೇಖೆಯ ಕಡೆ ಬೆರಳು ತೋರಿಸಬೇಕು.

ಈ ದಿನ ಮಾಯವಾಗುವ ಸಂಗತಿ ಕಾಕುವಿಗೆ ದೊಡ್ಡ ಚಿಂತೆ ಹಚ್ಚಿತು. ಅವರದು ಸೋಮವಾರ ಒಪ್ಪತ್ತು. ಹೋಗುವಾಗ ಸೋಮವಾರ ಮಧ್ಯಾಹ್ನ ಬೆಂಗಳೂರು ಬಿಟ್ಟರೆ ಹದಿನಾರು ತಾಸು ಹಾರಿದ ಮೇಲೂ ಅಲ್ಲಿ ಸೋಮವಾರ ಸಂಜೆಯೇ. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಒಂದೇ ಸೋಮವಾರವನ್ನು ಹಿಡಿದು ಎಳೆದ ಹಾಗೆ. ಒಪ್ಪತ್ತಿನ ಊಟ ಬೆಂಗಳೂರಿನಲ್ಲಿ ಆಯಿತು, ಇನ್ನು ಮುಂದಿನ ಊಟಕ್ಕೆ ಎಷ್ಟು ತಾಸು ಕಾಯಬೇಕು? "ಹಂಗಾದ್ರ ಮಂಗಳವಾರ ಟಿಕೀಟ ತಗಸ್ರಿ," ಎಂದು ಕಾಕು ತೀರ್ಪು ಕೊಟ್ಟರು. ಟಿಕೆಟ್ ಮಂಗಳವಾರದ್ದೇ ಆಯಿತು, ನಾಲ್ಕು ಸಾವಿರ ರೂಪಾಯಿ ಹೆಚ್ಚಿಗೆ ಬಿದ್ದರೂ.

ಕಾಕಾನಿಗೆ ಅದೇ ಲೆಕ್ಕ ಬೇರೆ ರೀತಿ ಕಂಡಿತು. ಗಡಿಯಾರವನ್ನಷ್ಟೇ ನಂಬಿದರೆ ಬೆಂಗಳೂರಿನಿಂದ ಅಮೆರಿಕಾಕ್ಕೆ ಎರಡೂವರೆ ತಾಸು. ಜಮಖಂಡಿಯಿಂದ ಬಾಗಲಕೋಟೆಗೆ ಎಲ್ಲ ಊರಲ್ಲಿ ನಿಲ್ಲುವ ಬಸ್ಸು ಹತ್ತಿದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಗಡಿಯಾರದ ಮಾತು ಬಂದಾಗ ಒಂದು ವಿಷಯ ಹೇಳಿಬಿಡುತ್ತೇನೆ. ಭಾರತದ ವೇಳೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ್ದು. ಜಮಖಂಡಿ, ಮುಧೋಳ ಎರಡೂ 75.3ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಇಪ್ಪತ್ತೊಂಬತ್ತು ನಿಮಿಷ ತಡ. ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಬಂದಿರುವುದೇ ಇಲ್ಲ. ನಮ್ಮ ಕಡೆ ಹತ್ತು ಗಂಟೆಯ ಸಭೆ ಹತ್ತೂವರೆಗೆ ಶುರುವಾದರೆ ಹೊರಗಿನವರು ಮೂಗು ಮುರಿಯುತ್ತಾರೆ. ಖಗೋಳದ ಪ್ರಕಾರ ನಾವು ಸರಿಯಾದ ವೇಳೆಗೇ ಬಂದಿರುತ್ತೇವೆ.

ಈಗ ನೆಲಕ್ಕಿಳಿಯೋಣ. ನಮ್ಮ ಕಷ್ಟವಿರುವುದು ಇಲ್ಲಿಯೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಮ್ಮ ಈ ನಾಲ್ಕು ಊರುಗಳ ಸುತ್ತ ವಿಮಾನ ನಿಲ್ದಾಣಗಳಿಗೇನೂ ಬರವಿಲ್ಲ. ಬೆಳಗಾವಿಯ ಸಾಂಬ್ರಾ ನಿಲ್ದಾಣ ಎರಡನೆಯ ಮಹಾಯುದ್ಧದ ಕಾಲದ್ದು, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿಸಿದ್ದು. ದಕ್ಷಿಣಕ್ಕೆ ಹುಬ್ಬಳ್ಳಿ, ಪಶ್ಚಿಮಕ್ಕೆ ಕೊಲ್ಹಾಪುರ. ಫೋನಿನ ಗೆರೆಯಲ್ಲಿ ಬೆಳಗಾವಿ ಜಮಖಂಡಿಗೆ ನೂರೇ ಕಿಲೋಮೀಟರ್, ಕೊಲ್ಹಾಪುರ ಅದಕ್ಕಿಂತ ತುಸು ಹೆಚ್ಚು, ಹುಬ್ಬಳ್ಳಿ ನೂರಾ ಮೂವತ್ತರೊಳಗೆ. ಎಲ್ಲವೂ ಹತ್ತಿರ, ಯಾವುದೂ ಕೈಗೆ ಸಿಗುವುದಿಲ್ಲ. ಓಣಿಯ ಕಟ್ಟೆಯ ಮೇಲೆ ಈ ಮೂರರಲ್ಲಿ ಯಾವುದು ಸಮೀಪ ಎಂಬ ವಾದ ಎಷ್ಟು ಸಲ ನಡೆದಿದೆಯೆಂದರೆ, ವಾದ ಮಾಡಿದ ಹೊತ್ತಿನಲ್ಲಿ ಮೂರಕ್ಕೂ ಹೋಗಿ ಬರಬಹುದಿತ್ತು.

ಕಾಕಾನ ತಮ್ಮನ ಮಗ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾನೆ. ಹಬ್ಬ ಮುಗಿಸಿ ಮರಳುವಾಗ ಒಮ್ಮೆ, ರಾತ್ರಿ ಬಸ್ಸು ಬೇಡ, ಬೆಳಗಾವಿಯಿಂದ ವಿಮಾನದಲ್ಲೇ ಹೋಗುತ್ತೇನೆ ಎಂದ. ಕಾಕಾ ಹಳೆಯ ಅಭ್ಯಾಸದಂತೆ ಜಮಾ-ಖರ್ಚು ಬರೆದರು. ಬೆಳಗಾವಿಯ ತನಕ ಕಾರು, ಮೂರೂವರೆ ತಾಸು. ಮುಂಚಿತವಾಗಿ ಹೋಗಿ ಕಾಯುವುದು, ಒಂದೂವರೆ. ಹಾರುವುದು, ಒಂದು. ಚೀಲ ಬರುವ ತನಕ ತಿರುಗುವ ಪಟ್ಟಿಯ ಮುಂದೆ ನಿಲ್ಲುವುದು, ಅರ್ಧ. ದೇವನಹಳ್ಳಿಯಿಂದ ಬೆಂಗಳೂರಿನ ಆ ತುದಿಯ ಮನೆಗೆ, ದೇವರು ಮನಸ್ಸು ಮಾಡಿದರೆ, ಎರಡು. ಒಟ್ಟು ಎಂಟೂವರೆ. "ಆಕಾಶದಾಗ ಒಂದ ತಾಸು, ನೆಲದ ಮ್ಯಾಲೆ ಏಳೂವರಿ ತಾಸು. ಇದಕ್ಕ ವಿಮಾನದಾಗ ಹೋಗೂದಂತಾರೇನೋ ತಮ್ಮಾ?" ಎಂದು ಕಾಕಾ ಕೇಳಿದರು. ಸ್ಲೀಪರ್ ಬಸ್ಸಾದರೆ ರಾತ್ರಿ ಊಟ ಮಾಡಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಹನ್ನೊಂದು ತಾಸು ನಿಜ, ಆದರೆ ಅದರಲ್ಲಿ ಏಳು ತಾಸು ನಿದ್ದೆಯ ಲೆಕ್ಕಕ್ಕೆ ಹೋಗುತ್ತದೆ. ಹುಡುಗ ಬಸ್ಸಿನಲ್ಲೇ ಹೋದ.

ರಸ್ತೆಯ ವೇಳೆಯನ್ನೂ ಒಂದೇ ಅಂಕಿಯಲ್ಲಿ ಹೇಳಲು ಬರುವುದಿಲ್ಲ, ಋತುವಿನ ಮೇಲೆ ಹೋಗುತ್ತದೆ. ದೀಪಾವಳಿಯ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಹಂಗಾಮು ಶುರು ಮಾಡಿದವೆಂದರೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರ್‌ಗಳ ಪಾಲು. ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ ಎರಡಾಳು ಎತ್ತರ ಕಬ್ಬು, ಇಬ್ಬದಿಗೂ ಚಾಚಿದ ಸೋಗೆ. ಚಾಲಕನ ಪಕ್ಕದಲ್ಲಿ ಮದುವೆಮನೆಗೆ ಸಾಲುವಷ್ಟು ದೊಡ್ಡ ಸ್ಪೀಕರ್. ಹಿಂದಿನ ವಾಹನದ ಹಾರ್ನ್ ಅವನಿಗೆ ಕೇಳಿಸುವ ಸಂಭವವೇ ಇಲ್ಲ. ಅವನ ಹಿಂದೆ ನಿಮ್ಮ ಬಸ್ಸು ಸಿಕ್ಕಿತೆಂದರೆ ಜಾನಪದ ಗೀತೆಗಳ ಒಂದಿಡೀ ಸಂಜೆ ಪುಕ್ಕಟೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಣ್ಣ ಮೌನದಲ್ಲಿ ನಮ್ಮ ಡ್ರೈವರ್‌ಗಳು ಹಾರ್ನ್ ಒತ್ತಿ ಪಾರಾಗುವುದನ್ನು ನೋಡಬೇಕು, ಅದೊಂದು ವಿದ್ಯೆ. ಬೇಸಿಗೆಯಲ್ಲಿ ಮುಕ್ಕಾಲು ತಾಸಿನ ಜಮಖಂಡಿ–ಮುಧೋಳ ದಾರಿ ಹಂಗಾಮಿನಲ್ಲಿ ಒಂದೂಕಾಲು ತಾಸು. ಮಳೆಗಾಲದಲ್ಲಿ ಘಟಪ್ರಭೆ ಉಕ್ಕಿ ಮುಧೋಳ–ಯಾದವಾಡ ಸೇತುವೆ ಮುಳುಗಿತೆಂದರೆ ತಾಸಿನ ಮಾತು ಬಿಟ್ಟು ದಿನದ ಮಾತಾಡಬೇಕು.

ನಗೆಯ ಮಾತಿನ ನಡುವೆ ಇದನ್ನು ಹೇಳಬಾರದು, ಆದರೆ ಹೇಳದೆ ಮುಂದೆ ಹೋಗಲೂ ಮನಸ್ಸಾಗುವುದಿಲ್ಲ. ರೈತರ ಹಣ, ರೈತರ ದುಡಿಮೆಯಿಂದ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದ ಸಿದ್ದು ನ್ಯಾಮಗೌಡರು, 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದವರು, 2018ರ ಮೇ ತಿಂಗಳಲ್ಲಿ ಜಮಖಂಡಿಯ ಶಾಸಕರಾಗಿ ಮರಳಿ ಆಯ್ಕೆಯಾಗಿದ್ದರು. ಅದೇ ತಿಂಗಳ 28ರಂದು, ದಿಲ್ಲಿಯಿಂದ ಗೋವಾದ ತನಕ ವಿಮಾನದಲ್ಲಿ ಬಂದು, ಅಲ್ಲಿಂದ ಕಾರಿನಲ್ಲಿ ಊರ ಕಡೆ ಬರುವಾಗ ತುಳಸಿಗೇರಿಯ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. ದಿಲ್ಲಿಯಿಂದ ಗೋವಾಕ್ಕೆ ಸುಮಾರು ಸಾವಿರದೈನೂರು ಕಿಲೋಮೀಟರ್ ಎರಡೂವರೆ ತಾಸಿನಲ್ಲಿ ಮುಗಿದಿತ್ತು. ಉಳಿದಿದ್ದದ್ದು ನಮ್ಮ ರಾತ್ರಿಯ ರಸ್ತೆ.

ಗೆರೆಯ ದೂರಕ್ಕೂ ಹೋಗುವ ದೂರಕ್ಕೂ ಇರುವ ಅಂತರವನ್ನು ಬೀಳಗಿಯವರಿಗೆ ಯಾರೂ ಕಲಿಸಬೇಕಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ಎರಡರಲ್ಲೂ ಆಲಮಟ್ಟಿಯ ಹಿನ್ನೀರು. ಅಣೆಕಟ್ಟೆಯಲ್ಲಿ ನೀರು 519.60 ಮೀಟರ್‌ಗೆ ಬಂದಾಗ ಹೊಳೆ ಹೊಳೆಯಾಗಿ ಉಳಿಯುವುದಿಲ್ಲ, ಸಮುದ್ರದಂತೆ ಹರಡುತ್ತದೆ. ಆಚೆ ದಂಡೆಯ ಗುಡಿಯ ಶಿಖರ ಕಣ್ಣಿಗೆ ಕಾಣುತ್ತದೆ, ಹಬ್ಬದ ದಿನ ಮೈಕಿನ ಹಾಡೂ ಕೇಳುತ್ತದೆ. ಅಲ್ಲಿಗೆ ಹೋಗಬೇಕೆಂದರೆ ಸೇತುವೆ ಇರುವ ಕಡೆ ಸುತ್ತು ಹಾಕಬೇಕು. ಹಳೆಯ ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದು ಕೂತ ಹಿರಿಯರೊಬ್ಬರನ್ನು, ನಿಮ್ಮ ಮೂಲ ಊರು ಇಲ್ಲಿಂದ ಎಷ್ಟು ದೂರ ಎಂದು ಕೇಳಿದ್ದೆ. "ಬ್ಯಾಸಿಗ್ಯಾಗ ಕೇಳಿದ್ರ ಎರಡ ಮೈಲಿರಿ. ಈಗ ದೂರ ಕೇಳಬ್ಯಾಡ್ರಿ, ಆಳ ಕೇಳ್ರಿ," ಎಂದರು. ಕೊರ್ತಿಯಿಂದ ಆಚೆಯ ಕೊಲ್ಹಾರಕ್ಕೆ ಉದ್ದನೆಯ ಸೇತುವೆ ಇರುವುದು ಪುಣ್ಯ. ಇಲ್ಲದಿದ್ದರೆ ಕೊಲ್ಹಾರದ ಗಡಿಗೆ ಮೊಸರಿಗೂ ನಾವು ದುರ್ಬೀನು ಹಿಡಿದು ನೋಡುತ್ತ ಕೂಡಬೇಕಾಗುತ್ತಿತ್ತು.

ದೂರದ ಲೆಕ್ಕ ಹಾಕುವಾಗ ನನಗೆ ಮುಧೋಳದ ರನ್ನ ನೆನಪಾಗುತ್ತಾನೆ. ಹತ್ತನೆಯ ಶತಮಾನದ ಬಳೆಗಾರರ ಮನೆಯ ಹುಡುಗ ವಿದ್ಯೆ ಅರಸಿ ಶ್ರವಣಬೆಳಗೊಳದ ಕಡೆಗೆ ಹೋದ, ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಶ್ರಯ ಪಡೆದ. ಗೆರೆ ಎಳೆದರೆ ಮುಧೋಳದಿಂದ ಬೆಳಗೊಳ ನಾಲ್ಕುನೂರು ಕಿಲೋಮೀಟರ್. ನಡುವೆ ಘಟಪ್ರಭೆ, ಮಲಪ್ರಭೆ, ತುಂಗಭದ್ರೆ. ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ನಡೆದರೂ ಹೊಳೆ ದಾಟಲು ಕಾಯುವ ದಿನ ಸೇರಿಸಿ ಮೂರು ವಾರದ ದಾರಿ. ಹೋದವನು ಕವಿರತ್ನನಾಗಿ, ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿ ಎನಿಸಿಕೊಂಡ. ಇಂದು ಮುಧೋಳದ ಹುಡುಗ ಒಂದು ರಾತ್ರಿಯಲ್ಲಿ ಬೆಂಗಳೂರು ಮುಟ್ಟಿ ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಮುಂದೆ ಕೂಡುತ್ತಾನೆ. ಮೂರು ವಾರ ನಡೆಯಬೇಕಾಗಿ ಬಂದರೆ ಇವರಲ್ಲೂ ಒಂದಿಬ್ಬರು ಕವಿಗಳಾಗಬಹುದಿತ್ತು ಎಂಬ ಗುಮಾನಿ ನನಗಿದೆ.

ಮುಧೋಳ ಪಟ್ಟಣಕ್ಕೆ ವಿಮಾನ ನಿಲ್ದಾಣ ಇಲ್ಲ, ಮುಧೋಳ ನಾಯಿಗೆ ಇದೆ. ಘೋರ್ಪಡೆ ಅರಸರು ಸಾಕಿ ಬೆಳೆಸಿದ, ಮೂತಿ ಚೂಪಾದ, ಹೊಟ್ಟೆ ಬೆನ್ನಿಗಂಟಿದ ಆ ಬೇಟೆನಾಯಿಯ ಸಂಶೋಧನೆಗೆಂದೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಕೇಂದ್ರವಿದೆ. ಅಲ್ಲಿಯ ನಾಯಿಗಳನ್ನು ಮೊದಲು ಭೂಸೇನೆ ಒಯ್ದಿತು, ಆಮೇಲೆ ವಾಯುಪಡೆ. ಕೆಲಸವೇನೆಂದರೆ ರನ್‌ವೇ ಮೇಲೆ ಕೂಡುವ ಹಕ್ಕಿಗಳನ್ನು ಓಡಿಸುವುದು. ವಿಮಾನಕ್ಕೆ ಹಕ್ಕಿ ಬಡಿದರೆ ದೊಡ್ಡ ಅನಾಹುತ. ನಮ್ಮ ಊರಿನ ನಾಯಿ ಸರಕಾರಿ ನೌಕರಿ ಹಿಡಿದು ದಿನವೂ ರನ್‌ವೇ ಮೇಲೆ ಓಡುತ್ತಿದೆ, ನಾವು ಬೋರ್ಡಿಂಗ್ ಪಾಸ್ ತೋರಿಸಿದರೂ ಅದರ ಮೇಲೆ ಕಾಲಿಡಲು ಬಿಡುವುದಿಲ್ಲ. ಅರ್ಹತೆ ಇದ್ದವರು ಮುಂದೆ ಬರುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಬೇಕು.

ಕಾಕಾ-ಕಾಕು ಹೊರಡುವ ವಾರ ಓಣಿಯಲ್ಲಿ ಚರ್ಚೆ ದೂರದಿಂದ ತೂಕಕ್ಕೆ ತಿರುಗಿತು. ತಲೆಗೆ ಎರಡು ಚೀಲ, ಒಂದೊಂದು 23 ಕಿಲೋ, ಅದಕ್ಕಿಂತ ಒಂದು ತೊಲೆ ಹೆಚ್ಚಾದರೂ ದಂಡ ಎಂದು ಅಳಿಯ ಹೇಳಿದ್ದ. ಮನೆಯ ತೂಕದ ಯಂತ್ರದ ಮೇಲೆ ಕಾಕಾನಿಗೆ ನಂಬಿಕೆಯಿಲ್ಲ. ಚೀಲಗಳನ್ನು ಟಂಟಂನಲ್ಲಿ ಹೇರಿಕೊಂಡು ಹಳೆಯ ಅಡತಿ ಅಂಗಡಿಗೇ ಒಯ್ದು, ಬೆಲ್ಲದ ಪೆಂಟೆ ತೂಗುವ ಕಾಟಾದ ಮೇಲೆ ಇಟ್ಟರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರೊಟ್ಟಿ, ಮೊಮ್ಮಗಳಿಗೆ ಬನಹಟ್ಟಿಯ ಸಣ್ಣ ಸೀರೆ, ಮೇಲೊಂದು ಬೆಲ್ಲದ ಪೆಂಟೆ. ಒಂದು ಚೀಲಕ್ಕೆ ಕಾಟಾ ಇಪ್ಪತ್ತೈದೂವರೆ ತೋರಿಸಿತು. ಸುತ್ತ ನಿಂತ ಹಮಾಲರೆಲ್ಲ ಸಲಹೆ ಕೊಡತೊಡಗಿದರು. ಚಟ್ನಿ ತೆಗೆಯಲು ಕಾಕು ಒಪ್ಪಲಿಲ್ಲ, ಬೆಲ್ಲ ತೆಗೆಯಲು ಕಾಕಾ ಒಪ್ಪಲಿಲ್ಲ. ಕೊನೆಗೆ ಹೊರಬಿದ್ದದ್ದು ಕಾಕಾನ ಎರಡು ಸ್ವೆಟರ್, ಒಂದು ಉಣ್ಣೆಯ ಶಾಲು. ಧ್ರುವದ ಕಡೆ ಹೋಗುವವರು, ಇರಲಿ ಎಂದು ನಾನು ಹೇಳಿ ನೋಡಿದೆ. "ಒಳಗ ಕುಂತಿರ್ತೀವಲ್ರಿ, ಟಪ್ಪದ ಮ್ಯಾಲೇನ ಕುಂಡ್ರೂದಿಲ್ಲ," ಎಂದು ಕಾಕಾ ಚೀಲದ ಬಾಯಿ ಕಟ್ಟಿದರು.

ಹೋದರು, ಮುಟ್ಟಿದರು. ಅಲ್ಲಿಂದ ಫೋನು ಮಾಡಿದಾಗ ಪ್ರಯಾಣ ಹೇಗಾಯಿತು ಎಂದು ಕೇಳಿದೆ. ಬೆಂಗಳೂರಿನ ತನಕದ್ದನ್ನು ಕಾಕಾ ವಿಸ್ತಾರವಾಗಿ ಹೇಳಿದರು: ಲೋಕಾಪುರದಲ್ಲಿ ಟ್ರ್ಯಾಕ್ಟರ್ ಅಡ್ಡ ನಿಂತದ್ದು, ಹುಬ್ಬಳ್ಳಿಯಲ್ಲಿ ಯಾರೋ ತಮ್ಮ ಸೀಟಿನಲ್ಲಿ ಮಲಗಿದ್ದು, ಚಿತ್ರದುರ್ಗದ ಆಚೆ ಧಾಬಾದಲ್ಲಿ ನಡುರಾತ್ರಿ ಕುಡಿದ ಚಹಾಕ್ಕೆ ಸಕ್ಕರೆ ಹೆಚ್ಚಾದದ್ದು. ಬೆಂಗಳೂರಿನಿಂದ ಮುಂದಿನದನ್ನು ಒಂದೇ ಮಾತಿನಲ್ಲಿ ಮುಗಿಸಿದರು. "ಅದೇನ್ರಿ, ಕುಂತ್ವಿ, ಇಳದ್ವಿ."

ನಮ್ಮ ಸೀಮೆಗೆ ಹತ್ತಿರದ ದಾರಿಗಳು ಬರುತ್ತಿವೆ ಎಂದು ಕೇಳುತ್ತಲೇ ದೊಡ್ಡವರಾದೆವು. ಬಾಗಲಕೋಟೆ–ಕುಡಚಿ ರೈಲು ಮಾರ್ಗ 142 ಕಿಲೋಮೀಟರ್, 2010-11ರ ಸಾಲಿನಲ್ಲಿ ಮಂಜೂರಾದದ್ದು. ವಿಮಾನಕ್ಕೆ ಇದು ಹತ್ತು ನಿಮಿಷದ ದಾರಿ. ಬಾಗಲಕೋಟೆಯ ಕಡೆಯಿಂದ ಹಳಿ ಒಂದಿಷ್ಟು ದೂರ ಬಂದಿದೆ. ಹದಿನೈದು ವರ್ಷವಾದರೂ ಜಮಖಂಡಿಯಲ್ಲಿ ಇನ್ನೂ ರೈಲಿನ ಸೀಟಿ ಕೇಳಿಲ್ಲ. ವಿಜಯಪುರದ ಬುರಣಾಪುರದ ಹತ್ತಿರ 2021ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಹಾಕಿದರು. ಅದು ನಡೆಯತೊಡಗಿದರೆ ಜಮಖಂಡಿಗೆ ಒಂದೂವರೆ ತಾಸಿನ ದಾರಿ, ಕಾಕಾನ ಜಮಾ-ಖರ್ಚು ಮೊದಲ ಸಲ ವಿಮಾನದ ಕಡೆ ವಾಲುತ್ತದೆ. ಕೆಲಸ ಮುಗಿಸುವವರು ದಯವಿಟ್ಟು ಮುಗಿಸಬೇಕು. ಕಾಕು ವರ್ಷಕ್ಕೊಮ್ಮೆ ಹೋಗಿ ಬರುವವರಿದ್ದಾರೆ, ರಾತ್ರಿ ಬಸ್ಸಿನ ಮೇಲಿನ ಸೀಟು ಹತ್ತುವುದು ಅವರ ಮೊಣಕಾಲಿಗೆ ಆಗುವುದಿಲ್ಲ.

ಅಲ್ಲಿಯ ತನಕ ನಮ್ಮ ಕಡೆ ಬರುವವರಿಗೆ ಒಂದು ಮಾತು. ಫೋನಿನಲ್ಲಿ ಕಂಡ ವೇಳೆಗೆ ಎರಡು ತಾಸು ಸೇರಿಸಿಕೊಳ್ಳಿ, ಕಬ್ಬಿನ ಹಂಗಾಮಿದ್ದರೆ ಇನ್ನೊಂದು. ಕೆಳಗಿನ ಸೀಟನ್ನೇ ಬುಕ್ ಮಾಡಿ. ಮುಧೋಳದಲ್ಲಿ ಇಳಿಯುವವರು ಕಂಡಕ್ಟರ್‌ಗೆ ಹೇಳಿಟ್ಟೇ ಮಲಗಿ. ಎಚ್ಚರವಾಗದಿದ್ದರೆ ಬಸ್ಸು ಜಮಖಂಡಿಗೆ ಒಯ್ಯುತ್ತದೆ, ಅಲ್ಲಿಂದ ಹಿಂದಕ್ಕೆ ಬರಲು ಬೇರೆ ಟಿಕೆಟ್ ತೆಗೆಸಬೇಕಾಗುತ್ತದೆ.